ಪರದೆಯಂಚಿನ ಹಡಗು

"ಇವತ್ತಿನಿಂದ ಈ ಮನೆಯಲ್ಲಿ ದುಂಡಗಿರುವ ಯಾವ ವಸ್ತುವೂ ನನ್ನ ಭೂತಗನ್ನಡಿಯ ಕೆಳಗೆ ಹಾಯದೆ ಹೊಸಿಲು ದಾಟುವ ಹಾಗಿಲ್ಲ!"

ವಿರಾಮಯ್ಯನವರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದರು. ಹಾಗಾಗಿ ಘೋಷಣೆಗೆ ತಕ್ಷಣ ಯಾವ ಆಕ್ಷೇಪಣೆಯೂ ಬರಲಿಲ್ಲ. ಆಕ್ಷೇಪಣೆ ಬರದಿದ್ದರೆ ಒಪ್ಪಿಗೆಯಾದಂತೆ ಎಂಬುದು ಅಚ್ಚುಕೂಟದಲ್ಲಿ ಅವರು ಮೂವತ್ತೊಂದು ವರ್ಷ ಪಾಲಿಸಿಕೊಂಡು ಬಂದ ನಿಯಮ. ಸೂಜಿಗಳು ಬಾಯಿಂದ ಹೊರಬರುವಷ್ಟರಲ್ಲಿ ಅವರು ಬಟ್ಟೆ ಕತ್ತರಿಸುವ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿಕೊಂಡು, ದೀಪ, ಭೂತಗನ್ನಡಿ, ಒಂದು ಹೊಸ ನೋಟ್‌ಬುಕ್ಕು, ಕೆಂಪು ಪೆನ್ಸಿಲು ಎಲ್ಲವನ್ನೂ ಸಾಲಾಗಿ ಜೋಡಿಸಿ ಆಗಿತ್ತು.

ವಿರಾಮಯ್ಯ ಎನ್ನುವುದು ಅವರ ನಿಜವಾದ ಹೆಸರಲ್ಲ. ಅಚ್ಚುಕೂಟದಲ್ಲಿ ಅವರದು ಕರಡು ತಿದ್ದುವ ಕೆಲಸ. ಒಂದು ದಿನ, ಅಲ್ಪವಿರಾಮವೊಂದು ಬೀಳಬಾರದ ಕಡೆ ಬಿದ್ದಿದೆಯೆಂದು ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿ ಎಂಟುನೂರು ಹಾಳೆಗಳನ್ನು ರದ್ದಿಗೆ ಹಾಕಿಸಿದ್ದರು. ಅಂದಿನಿಂದ ಅವರು ಅಲ್ಪವಿರಾಮಯ್ಯ. ನಿವೃತ್ತಿಯಾದ ಮೇಲೆ ಅಲ್ಪ ಉದುರಿ, ವಿರಾಮ ಉಳಿಯಿತು. ಆದರೆ ಕಣ್ಣಿಗೆ ವಿರಾಮವೆಲ್ಲಿ? ಔಷಧದ ಶೀಷೆಯ ಮೇಲಿನ ಚೀಟಿ, ಬಸ್ಸಿನ ಟಿಕೆಟ್ಟು, ಸಾಬೂನಿನ ಹೊದಿಕೆ, ಯಾವುದನ್ನೂ ಅವರು ಬಿಡಲಿಲ್ಲ. ಹೆಂಡತಿಯ ಅಳತೆ ಪುಸ್ತಕವನ್ನು ಒಂದು ಮಧ್ಯಾಹ್ನ ಮೊದಲಿಂದ ಕೊನೆಯವರೆಗೆ ಕೆಂಪು ಪೆನ್ಸಿಲಿನಲ್ಲಿ ತಿದ್ದಿಟ್ಟರು. ಮರುದಿನ ಅದೇ ಹೆಂಡತಿ ಅವರ ಕೈಗೆ ದುಡ್ಡು ಕೊಟ್ಟು, ಪೇಟೆಗೆ ಹೋಗಿ ಹಳೆ ಪುಸ್ತಕ ಯಾವುದಾದರೂ ತಂದುಕೊಳ್ಳಿ ಎಂದು ಬೇಡಿಕೊಂಡರು. ತಂದದ್ದು ನಾಣ್ಯಗಳನ್ನು ಗುರುತಿಸುವ, ದರ್ಜೆ ಕಟ್ಟುವ, ಬೆಲೆ ಹೇಳುವ ಒಂದು ದಪ್ಪ ಪುಸ್ತಕ. ಬೆನ್ನು ಕಿತ್ತುಹೋಗಿತ್ತು, ಒಳಗಿನದೆಲ್ಲ ಗಟ್ಟಿಯಾಗಿತ್ತು.

ಅವರ ಹೆಂಡತಿಯನ್ನು ಊರು ಪರದೆಯಮ್ಮ ಎಂದು ಕರೆಯುತ್ತದೆ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಗೋಡೆಗೆ ಆನಿಸಿದ ಬಟ್ಟೆಯ ಸುರುಳಿಗಳು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನಡುವೆ ಉದ್ದನೆಯ ಮೇಜು. ಅವರು ಹೊಲಿದ ಪರದೆ ಎಷ್ಟೇ ಗಾಳಿ ಬೀಸಿದರೂ ಹುಚ್ಚೆದ್ದು ಹಾರುವುದಿಲ್ಲ, ಒಂದು ಮೂಲೆ ಮೇಲೆ ಒಂದು ಮೂಲೆ ಕೆಳಗೆ ಆಗುವುದಿಲ್ಲ. ಊರಿಗೆಲ್ಲ ಪರದೆ ಹೊಲಿಯುವವರ ಮನೆಯ ಕಿಟಕಿಗೆ ಮಾತ್ರ ಪರದೆಯಿಲ್ಲ. ಅದು ಬಿಡಿ, ಎಲ್ಲ ಕಸುಬಿನ ಮನೆಯ ಹಣೆಬರಹವೂ ಅಷ್ಟೇ.

ಪುಸ್ತಕ ಕೈಗೆ ಬಂದ ಕೂಡಲೇ ವಿರಾಮಯ್ಯನವರು ಅದರಲ್ಲಿನ ಅಚ್ಚಿನ ತಪ್ಪುಗಳನ್ನು ಎಣಿಸಿದರು. ಹದಿನೇಳು ಸಿಕ್ಕವು. ಸಮಾಧಾನವಾಗಿ, ಆಮೇಲೆ ವಿಷಯ ಓದಿದರು. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ತೊಳೆಯಬಾರದು, ತಿಕ್ಕಬಾರದು, ಎಷ್ಟೋ ವರ್ಷ ಕೂತು ತಾನಾಗಿ ಬಂದ ಬಣ್ಣ ಒಂದು ನಿಂಬೆಹಣ್ಣಿನ ಹೋಳಿಗೆ ಹೋಗಿಬಿಡುತ್ತದೆ, ಅದರ ಜೊತೆ ಬೆಲೆಯೂ ಹೋಗುತ್ತದೆ. ಉಬ್ಬಿದ ಜಾಗವೇ ಮೊದಲು ಸವೆಯುವುದು. ಆದ್ದರಿಂದ ರಾಜನ ತಲೆಯಿದ್ದರೆ ಕಿವಿ ನೋಡು, ತೆನೆಯಿದ್ದರೆ ಕಾಳು ನೋಡು. ಬೆಳಕನ್ನು ನೆತ್ತಿಯ ಮೇಲಿಂದ ಬಿಡಬೇಡ, ಓರೆಯಾಗಿ ಬಿಡು, ಆಗ ಕಣ್ಣಿಗೆ ಕಾಣದ ಗೆರೆಗೂ ನೆರಳು ಬೀಳುತ್ತದೆ. ದರ್ಜೆಗಳು ಒಟ್ಟು ಏಳು. ಮೇಲಿನದು 'ಟಂಕಸಾಲೆಯ ಹೊಳಪು', ಕೆಳಗಿನದು 'ಬರಿಬಿಲ್ಲೆ'.

ದರ್ಜೆ ಕಟ್ಟಲು ನಾಣ್ಯ ಬೇಕಲ್ಲ? ಮೇಜಿನ ಮೇಲೆ ಮೊದಲು ಕೈಗೆ ಸಿಕ್ಕಿದ್ದು ಪರದೆಯಮ್ಮ ಮಡಿಕೆ ಕೂರಿಸಲು ಬಳಸುವ ಲೋಹದ ಬಿಲ್ಲೆ. ದಪ್ಪ ಬಟ್ಟೆಯ ಅಂಚು ಮಡಿಚಿ, ಹೆಬ್ಬೆರಳಿನಡಿ ಅದನ್ನಿಟ್ಟು ಒತ್ತಿ ಎಳೆದರೆ ಗೆರೆ ಕಚ್ಚಿ ಕೂರುತ್ತದೆ, ಸೂಜಿ ಅತ್ತಿತ್ತ ಓಡುವುದಿಲ್ಲ. ವಿರಾಮಯ್ಯನವರು ಅದನ್ನು ಅಂಚಿನಲ್ಲಿ ಹಿಡಿದು, ಗಂಭೀರವಾಗಿ ತಿರುಗಿಸಿ ನೋಡಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದರು: "ಒಂದನೆಯ ನಂಬರು. ಎರಡೂ ಮುಖ ಮಾಸಿದೆ. ಗುರುತು ಸಿಗುವುದಿಲ್ಲ. ದರ್ಜೆ: ಬರಿಬಿಲ್ಲೆ. ಬೆಲೆ: ಇಲ್ಲ." ಬರೆದದ್ದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರು. ಪರದೆಯಮ್ಮ ಅವರ ಕೈಯಿಂದ ಬಿಲ್ಲೆ ಕಸಿದುಕೊಂಡು, ತಮಗೆ ಕೆಲಸವಿದೆಯೆಂದು ಹೇಳಿ ಮಡಿಕೆ ಕೂರಿಸತೊಡಗಿದರು.

ಮನೆಯ ಚಿಲ್ಲರೆ ಎರಡೇ ದಿನಕ್ಕೆ ಮುಗಿಯಿತು. ಆಮೇಲೆ ಡಬ್ಬಿಯ ಮುಚ್ಚಳಗಳು, ಅಂಗಿಯ ಗುಂಡಿಗಳು, ಗಡಿಯಾರದ ಹಿಂಬದಿ. ಹೆಂಡತಿಯ ಅಣ್ಣ ಬಂದು ಕೂತಾಗ ಅವರ ಬೋಳುತಲೆಗೂ ಮನಸ್ಸಿನಲ್ಲೇ ಒಂದು ದರ್ಜೆ ಕಟ್ಟಿದರು: ಹೊಳಪು ಉತ್ತಮ, ಅಂಚಿನಲ್ಲಿ ಅಲ್ಪಸ್ವಲ್ಪ ಉಳಿಕೆ.

ಇನ್ನೂರ ಹನ್ನೆರಡನೆಯ ಪುಟಕ್ಕೆ ಬಂದಾಗ ವಿರಾಮಯ್ಯನವರ ಕೈ ನಿಂತಿತು. ಅಲ್ಲಿ ಒಂದು ಹಡಗಿನ ನಾಣ್ಯದ ಚಿತ್ರವಿತ್ತು. ಅವರು ಚಿಕ್ಕವರಿದ್ದಾಗ ಚಲಾವಣೆಯಲ್ಲಿದ್ದ ದೊಡ್ಡ ಕಂಚಿನ ನಾಣ್ಯ, ಒಂದು ಬದಿ ಅಂಕಿ, ಇನ್ನೊಂದು ಬದಿ ಮೂರು ಕಂಬದ ಹಾಯಿಹಡಗು. ಕೆಳಗೆ ಸಣ್ಣ ಅಕ್ಷರದಲ್ಲಿ, ಒಂದು ವರ್ಷ ಅಚ್ಚು ಕೆತ್ತಿದವನು ನಡುವಿನ ಕಂಬವನ್ನು ಮರೆತನೆಂದೂ, ಟಂಕಸಾಲೆಯವರು ಎಚ್ಚೆತ್ತು ನಿಲ್ಲಿಸುವಷ್ಟರಲ್ಲಿ ಕೆಲವು ನೂರು ನಾಣ್ಯಗಳು ಹೊರಗೆ ಹೋಗಿಬಿಟ್ಟಿದ್ದವೆಂದೂ ಬರೆದಿತ್ತು. ಮೂರು ಕಂಬದ್ದಕ್ಕೆ ಬೆಲೆ ಇಲ್ಲವೇ ಇಲ್ಲ ಎನ್ನಬಹುದು. ಎರಡು ಕಂಬದ್ದಕ್ಕೆ ಕೊಟ್ಟಿದ್ದ ಬೆಲೆ ಓದಿ ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅವರ ನಾಲ್ಕು ತಿಂಗಳ ಪಿಂಚಣಿ.

 ಬೆಲೆಯ ಆಸೆ ಇರಲಿಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಅವರನ್ನು ಕಲಕಿದ್ದು ಬೇರೆ. ಜೀವನವಿಡೀ ತಪ್ಪು ಹುಡುಕಿ, ತಪ್ಪು ತಿದ್ದಿ, ತಪ್ಪು ಮಾಡಿದವರನ್ನು ಬೈದು ಸಂಬಳ ತೆಗೆದುಕೊಂಡವರಿಗೆ, ಸರಿಯಾಗಿರುವುದಕ್ಕೆ ಬೆಲೆಯಿಲ್ಲದೆ ತಪ್ಪಿಗೇ ಬೆಲೆಯಿರುವ ಒಂದು ಲೋಕವಿದೆ ಎಂದು ಅರವತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾದರೆ ಹೇಗಾಗಬೇಡ? ಆ ಎಂಟುನೂರು ಹಾಳೆಗಳು ನೆನಪಾದವು. ಹೆಂಡತಿಗೂ ಹೇಳಿದರು: "ಕೇಳಿದೆಯೇನೇ, ಈ ಲೋಕದಲ್ಲಿ ತಪ್ಪಿಗೇ ಬೆಲೆ ಜಾಸ್ತಿಯಂತೆ." ಪರದೆಯಮ್ಮ ಹಾಗಿದ್ದರೆ ತಮ್ಮ ಗಂಡನಿಗೆ ಒಳ್ಳೆಯ ಬೆಲೆ ಬರಬಹುದೆಂದು ಹೇಳಿ ದಾರ ಪೋಣಿಸಿದರು.

ಆಮೇಲೆ, ಸ್ನಾನದ ಮನೆಯಲ್ಲಿ ಮೈಮೇಲೆ ನೀರು ಸುರಿದುಕೊಳ್ಳುವಾಗ, ಅವರಿಗೆ ಅಪ್ಪನ ತಗಡಿನ ಡಬ್ಬಿ ನೆನಪಾಯಿತು.

ಅಪ್ಪ ಹೊಳೆಯ ದೋಣಿಕಟ್ಟೆಯಲ್ಲಿ ಚೀಟಿ ಕೊಡುತ್ತಿದ್ದವರು. ದಾಟುವುದಕ್ಕೆ ತಲೆಗೊಂದು ಹಡಗಿನ ನಾಣ್ಯ. ಆ ನಾಣ್ಯಗಳ ಚಲಾವಣೆ ನಿಂತಾಗ ಅಪ್ಪನ ಸ್ವಂತದ್ದು ನಲವತ್ಮೂರು ಉಳಿದುಹೋಗಿ, ಡಬ್ಬಿ ಸೇರಿದ್ದವು. ಏಳೆಂಟು ವರ್ಷದ ಮಗ ನೆಲದ ಮೇಲೆ ಅವನ್ನೆಲ್ಲ ಹರಡಿಕೊಂಡು ಆಡುತ್ತಿದ್ದಾಗ ಒಂದು ಹಡಗಿಗೆ ಎರಡೇ ಕಂಬವಿರುವುದನ್ನು ಕಂಡುಹಿಡಿದಿದ್ದ. ಅಪ್ಪ ಬೆಳಕಿಗೆ ಹಿಡಿದು ನೋಡಿ, ಇಷ್ಟು ವರ್ಷ ನನ್ನ ಕೈಮೇಲೆ ಓಡಾಡಿದರೂ ನಾನು ನೋಡಿರಲಿಲ್ಲ ಎಂದಿದ್ದರು. ಆಮೇಲೆ ಮಗನ ತಲೆ ಸವರಿ, "ಕಂಬ ಮುರಿದರೂ ಮುಳುಗಿಲ್ಲ ನೋಡು ಮಗಾ. ನಿನ್ನ ಕಣ್ಣು ಕಣ್ಣಪ್ಪ" ಎಂದಿದ್ದರು. ಆ ಮಾತಿನ ಬಲದ ಮೇಲೆಯೇ ಆ ಮಗ ಮುಂದೆ ಕಣ್ಣಿನ ಕೆಲಸಕ್ಕೆ ಸೇರಿದ್ದು. ಆದರೆ ಸ್ನಾನದ ಮನೆಯಿಂದ ಅರ್ಧ ಒದ್ದೆಯಾಗಿ ಹೊರಗೆ ಓಡಿಬಂದಾಗ ಅವರ ತಲೆಯಲ್ಲಿ ಅಪ್ಪ ಇರಲಿಲ್ಲ. ನಾಲ್ಕು ತಿಂಗಳ ಪಿಂಚಣಿ ಇತ್ತು. ಇದನ್ನು ಅವರೇ ಆಮೇಲೆ ಒಪ್ಪಿಕೊಂಡರು.

"ನಮ್ಮಪ್ಪನ ಡಬ್ಬಿ ಎಲ್ಲೇ?"

"ಡಬ್ಬಿ ಅಟ್ಟದ ಮೇಲಿದೆ. ಅದರಲ್ಲಿ ಗುಂಡಿ ಹಾಕಿಟ್ಟಿದ್ದೀನಿ."

"ಒಳಗಿದ್ದ ನಾಣ್ಯಗಳು?"

"ಪರದೆಗೆ ಹಾಕಿ ಹೊಲಿದೆನಲ್ಲ."

 ಪರದೆಯಮ್ಮ ನಿಧಾನವಾಗಿ ವಿವರಿಸಿದರು. ಒಂಬತ್ತು ವರ್ಷದ ಹಿಂದೆ ಮೊದಲ ಸಲ ದೊಡ್ಡ ಕೆಲಸ ಬಂದಿತ್ತು. ಪರದೆ ನೆಟ್ಟಗೆ ನಿಲ್ಲಬೇಕಾದರೆ ಕೆಳಗಿನ ಎರಡೂ ಮೂಲೆಯೊಳಗೆ ಭಾರ ಇಟ್ಟು ಹೊಲಿಯಬೇಕು. ಸೀಸದ ಗುಂಡು ತರಲು ಕೈಯಲ್ಲಿ ಕಾಸಿರಲಿಲ್ಲ. ಡಬ್ಬಿ ಹಿಡಿದುಕೊಂಡು ಹೋಗಿ ಗಂಡನನ್ನು ಕೇಳಿದ್ದರು. ಗಂಡ ಆಗ ರೈಲಿನ ವೇಳಾಪಟ್ಟಿಯ ಕರಡು ತಿದ್ದುತ್ತಿದ್ದರು. ತಲೆಯೆತ್ತದೆ, ಚಲಾವಣೆ ಇಲ್ಲದ್ದು, ಏನು ಬೇಕಾದರೂ ಮಾಡಿಕೋ ಎಂದಿದ್ದರು.

"ಎಲ್ಲೆಲ್ಲಿಗೆ ಹೋದವು, ಹೇಳು. ಈಗಲೇ ಹೋಗಿ ಬಿಚ್ಚಿಸೋಣ."

"ಹೊಲಿದು ಕೊಟ್ಟ ಮೇಲೆ ಅದು ಅವರ ಪರದೆ ಕಣ್ರೀ. ಬಿಚ್ಚೋಕೆ ನಾನೂ ಹೋಗಲ್ಲ, ನೀವೂ ಹೋಗಬೇಡಿ. ಇಪ್ಪತ್ತು ವರ್ಷ ಕಷ್ಟಪಟ್ಟು ಸಂಪಾದಿಸಿರೋ ಹೆಸರು ಇದೆ ನಂಗೆ."

ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಯಾವ ಗಂಡನಾದರೂ ಕೇಳಬೇಕಿತ್ತು. ವಿರಾಮಯ್ಯನವರು ಮರುದಿನವೇ ನಾಣ್ಯದಂಗಡಿಗೆ ಹೋದರು. ಅಂಗಡಿಯಾತ ಕಿವಿಯಲ್ಲಿ ಕೂದಲಿದ್ದ ತಾಳ್ಮೆಯ ಮನುಷ್ಯ. ಎರಡು ಕಂಬದ್ದು ಇದ್ದರೆ ತನ್ನಿ, ಪುಸ್ತಕದ ಬೆಲೆಗೆ ತಗೋತೀನಿ ಎಂದರು. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟರು: ಸವೆದು ಮಾಯವಾದ ಕಂಬ ಬೇರೆ, ಹುಟ್ಟಿನಿಂದಲೇ ಇಲ್ಲದ ಕಂಬ ಬೇರೆ, ಹೆಚ್ಚಿನವರು ಮೊದಲನೆಯದನ್ನು ಹಿಡಿದುಕೊಂಡು ಬರುತ್ತಾರೆ. ಆ ವರ್ಷದ್ದು ಉಳಿದವಕ್ಕಿಂತ ಒಂದೆಳೆ ತೆಳ್ಳಗೆ, ಕೈಗೆ ಹಗುರ.

ಹೆಂಡತಿ ತರಕಾರಿಗೆ ಹೋದಾಗ ವಿರಾಮಯ್ಯನವರು, ತಾವೇ ತಿದ್ದಿದ್ದ ಅಳತೆ ಪುಸ್ತಕ ತೆಗೆದು ಒಂಬತ್ತು ವರ್ಷದ ಹಿಂದಿನ ಪುಟ ಹುಡುಕಿದರು. ಹಲ್ಲಿನ ಡಾಕ್ಟರು, ಆರು ಪರದೆ. ಹಾಡು ಕಲಿಸುವ ಟೀಚರು, ನಾಲ್ಕು ಕಿಟಕಿಗೆ, ಒಂದು ಬಾಗಿಲಿಗೆ. ವಾಚನಾಲಯ, ಹತ್ತು. ಒಟ್ಟು ಇಪ್ಪತ್ತೊಂದು ಪರದೆ, ನಲವತ್ತೆರಡು ಮೂಲೆ. ಡಬ್ಬಿಯಲ್ಲಿದ್ದದ್ದು ನಲವತ್ಮೂರಲ್ಲವೇ ಎಂಬ ಲೆಕ್ಕ ಆ ಹುರುಪಿನಲ್ಲಿ ಅವರಿಗೆ ಹೊಳೆಯಲೇ ಇಲ್ಲ. ಅಂಕಿಯ ತಪ್ಪು ಹಿಡಿಯುವುದರಲ್ಲಿ ಅಚ್ಚುಕೂಟದಲ್ಲೇ ಅವರನ್ನು ಮೀರಿಸಿದವರಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು.

ಬಿಚ್ಚದೆ ನೋಡುವುದು ಹೇಗೆ? ಅದಕ್ಕೂ ಅವರ ಬಳಿ ಉಪಾಯವಿತ್ತು. ನಾಣ್ಯ ಕೂತಿರುವ ಒಳಬದಿಯ ತೆಳು ಅಸ್ತರಿನ ಮೇಲೆ ಮೆತ್ತನೆಯ ಕಡ್ಡಿಯ ಪೆನ್ಸಿಲನ್ನು ಮಲಗಿಸಿ ಉಜ್ಜಿದರೆ ಒಳಗಿನ ಉಬ್ಬು ಮೇಲೆ ಮೂಡುತ್ತದೆ. ಮನೆಯಲ್ಲಿ ಬಟ್ಟೆಯ ಚೂರಿನ ಮೇಲೆ ಮಾಡಿ ನೋಡಿದರು. ಅಚ್ಚುಕಟ್ಟಾಗಿ ಮೂಡಿತು. ಅಸ್ತರಿನ ಒಳಮಗ್ಗುಲನ್ನು ಯಾರು ತಿರುಗಿಸಿ ನೋಡುತ್ತಾರೆ?

ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಒಂದೊಂದು ಸಲಕ್ಕೆ ನಾಲ್ಕು ಮೂಲೆಯಷ್ಟೇ ಸಾಧ್ಯವಾಗುತ್ತಿತ್ತು, ಆಮೇಲೆ ಹೆಸರು ಕೂಗುತ್ತಿದ್ದರು. ಮೂರು ಸಲ ಹೋದರು. ಮೊದಲನೆಯ ಸಲ ಹಲ್ಲುಗಳು ಗಟ್ಟಿಯಾಗಿವೆ ಎಂದು ಡಾಕ್ಟರು ಅಭಿನಂದಿಸಿದರು. ಎರಡನೆಯ ಸಲ ಯಾವ ಹಲ್ಲೆಂದು ಕೇಳಿದಾಗ ಇವರು ಕೈಗೆ ಬಂದ ಹಲ್ಲು ತೋರಿಸಿದರು. ಮೂರನೆಯ ಸಲ ಬೇರೆ ಹಲ್ಲು ತೋರಿಸಿದಾಗ, ಇಷ್ಟು ಓಡಾಡುವ ನೋವು ಒಳ್ಳೆಯದಲ್ಲವೆಂದು ಡಾಕ್ಟರು ಒಂದನ್ನು ಕೊರೆದು ತುಂಬಿಯೇ ಕಳಿಸಿದರು. ಪರದೆಯಮ್ಮ ಎಲ್ಲವನ್ನೂ ಹಡಗಿನ ಮುಖ ಅಸ್ತರಿನ ಕಡೆಗೇ ಬರುವಂತೆ ಹೊಲಿದಿದ್ದರು. ಹನ್ನೆರಡೂ ಮೂರು ಕಂಬದವು.

ಹಾಡಿನ ಟೀಚರ ಮನೆಗೆ ಸುಮ್ಮನೆ ಹೋಗುವಂತಿರಲಿಲ್ಲ. ಹಾಗಾಗಿ ವಿರಾಮಯ್ಯನವರು ಸಂಗೀತ ಕಲಿಯಲು ಸೇರಿದರು. ಹಾಡುವಾಗ ತಮಗೆ ನಾಚಿಕೆಯಾಗುತ್ತದೆ, ಪರದೆಯ ಹಿಂದೆ ನಿಂತೇ ಹಾಡುತ್ತೇನೆ ಎಂದು ಕೇಳಿಕೊಂಡರು. ಎರಡು ವಾರ ಪರದೆಯ ಹಿಂದೆ ಬಗ್ಗಿಕೊಂಡು, ಬಗ್ಗಿದ ಹೊಟ್ಟೆಯಿಂದ ಏನು ಸ್ವರ ಹೊರಡುತ್ತದೋ ಅದನ್ನು ಹೊರಡಿಸುತ್ತ ಪೆನ್ಸಿಲು ಉಜ್ಜಿದರು. ಟೀಚರು ಪಾಪ, ಈ ವಯಸ್ಸಿನಲ್ಲಿ ಕಲಿಯುವ ಹಂಬಲವೇ ದೊಡ್ಡದು ಎಂದು ಕಣ್ಣು ಮುಚ್ಚಿ ಸಹಿಸಿದರು. ಅಲ್ಲಿಯ ಹತ್ತೂ ಮೂರು ಕಂಬದವು. ವಾಚನಾಲಯದಲ್ಲಿ ಹತ್ತೊಂಬತ್ತು ಮೂಲೆ ಮುಗಿಸಿ ಇಪ್ಪತ್ತನೆಯದಕ್ಕೆ ಕೈ ಹಾಕಿದಾಗ, ಪರದೆಯ ಕೆಳಗೆ ಎರಡು ಚಪ್ಪಲಿ ಮಾತ್ರ ಕಾಣುವುದನ್ನು ಕಂಡು ಗ್ರಂಥಪಾಲಕಿ ಪರದೆ ಸರಿಸಿದರು. ಇವರು ಬೆಳಕಿಗಾಗಿ ಬಂದೆ ಎಂದರು. ಇವರ ಕೈಯಲ್ಲಿ ಪುಸ್ತಕವೇ ಇರಲಿಲ್ಲ.

ಅಷ್ಟರಲ್ಲಿ ಇತ್ತ ಅವಾಂತರ ಶುರುವಾಗಿತ್ತು. ಬೆಳಗಿನ ಬಿಸಿಲಿಗೆಂದು ಪರದೆ ಸರಿಸಿ ಕಟ್ಟಿದರೆ ಮೂಲೆಗಳ ಒಳಬದಿ ಕೋಣೆಯ ಕಡೆಗೆ ತಿರುಗುತ್ತದೆ ಎಂಬುದನ್ನು ವಿರಾಮಯ್ಯನವರು ಯೋಚಿಸಿರಲಿಲ್ಲ. ಹಲ್ಲಿನ ಡಾಕ್ಟರಲ್ಲಿ ಒಸಡಿಗೆ ಸೂಜಿ ಚುಚ್ಚಿಸಿಕೊಂಡು ಕಾಯುತ್ತಿದ್ದ ರೋಗಿಯೊಬ್ಬರು, ತಮಗೆ ಹಡಗುಗಳು ಕಾಣುತ್ತಿವೆ ಎಂದು ತೊದಲಿದರು. ಡಾಕ್ಟರು ಮದ್ದು ಜಾಸ್ತಿಯಾಯಿತೆಂದು ಹೆದರಿ ಅವರನ್ನು ಮಲಗಿಸಿದರು. ಎರಡನೆಯ ರೋಗಿಗೂ ಹಡಗು ಕಂಡಾಗ ತಾವೇ ಹೊರಗೆ ಬಂದು ನೋಡಿದರು. ಆರು ಪರದೆಗಳ ಹನ್ನೆರಡು ಮೂಲೆಯಲ್ಲಿ, ಮಸಿಬಣ್ಣದ ಹನ್ನೆರಡು ಹಡಗುಗಳು ಹಾಯಿ ಬಿಚ್ಚಿ ನಿಂತಿದ್ದವು.

ಡಾಕ್ಟರು ಪರದೆಯಮ್ಮನಿಗೆ ಫೋನು ಮಾಡಿ, ನಿಮ್ಮ ಬಟ್ಟೆಗೆ ಏನೋ ರೋಗ ಬಂದ ಹಾಗಿದೆ ಎಂದರು. ಅರ್ಧ ಗಂಟೆಯಲ್ಲಿ ಹಾಡಿನ ಟೀಚರೂ ಫೋನು ಮಾಡಿದರು. ಪರದೆಯಮ್ಮ ಎರಡೂ ಕಡೆ ಹೋಗಿ ನೋಡಿ, ದಾರಿಯಲ್ಲಿ ವಾಚನಾಲಯವನ್ನೂ ಹೊಕ್ಕು, ಮನೆಗೆ ಬಂದರು. ಹೆಂಡತಿ ಬಾಯಿ ತೆರೆಯುವ ಮೊದಲೇ ವಿರಾಮಯ್ಯನವರು, ಪೆನ್ಸಿಲು ಯಾರು ಬೇಕಾದರೂ ಹಿಡಿಯಬಹುದು, ನಾನೇ ಅಂತ ಏನು ಗುರುತು ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪೆನ್ಸಿಲಿನ ಮಾತನ್ನು ಪರದೆಯಮ್ಮ ಇನ್ನೂ ಎತ್ತಿಯೇ ಇರಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ನಾನು ಹೊಲಿದದ್ದನ್ನ ಯಾರೂ ಇಲ್ಲೀವರೆಗೆ ವಾಪಸ್ ಕಳಿಸಿರಲಿಲ್ಲ" ಎಂದಷ್ಟೇ ಹೇಳಿದರು. ವಿರಾಮಯ್ಯನವರಿಗೆ ತುಂಬಿಸಿಕೊಂಡ ಹಲ್ಲು ಆಗ ನಿಜವಾಗಿಯೂ ನೋಯಿತು.

ಇಪ್ಪತ್ತೊಂದು ಪರದೆಗಳೂ ಮನೆಗೆ ಬಂದವು. ಸೀಸದ ಕಡ್ಡಿಯ ಕಲೆ ತೊಳೆದರೆ ಹೋಗುವುದಲ್ಲ, ಅಸ್ತರನ್ನೇ ಬದಲಿಸಬೇಕು. ಪರದೆಯಮ್ಮ ಮೂವರಿಗೂ ಕಾರಣ ಮುಚ್ಚಿಡದೆ ಹೇಳಿ, ಹೊಸ ಅಸ್ತರು, ಸೀಸದ ಗುಂಡು ತಮ್ಮ ಖರ್ಚಿನಲ್ಲಿ ಹಾಕಿಕೊಡುವುದಾಗಿ ಒಪ್ಪಿಕೊಂಡರು. ಹಳೆ ನಾಣ್ಯ ವಾಪಸ್ ಇಟ್ಟುಕೊಳ್ಳಬಹುದೇ ಎಂದು ಕೇಳಿ ಅನುಮತಿಯನ್ನೂ ತಂದರು. ಹಾಡಿನ ಟೀಚರು ಮಾತ್ರ, ಪರದೆಯ ಜೊತೆಗೆ ಆ ವಿದ್ಯಾರ್ಥಿಯನ್ನೂ ಮನೆಯಲ್ಲೇ ಇಟ್ಟುಕೊಂಡರೆ ಉಪಕಾರವಾಗುತ್ತದೆ ಎಂದರಂತೆ.

ಬಿಚ್ಚುವ ಕೆಲಸ, ಪೆನ್ಸಿಲು ಉಜ್ಜಿದವರ ಪಾಲಿಗೇ ಬಂತು. ಐದು ದಿನ ವಿರಾಮಯ್ಯನವರು ಮೊಂಡ ಬ್ಲೇಡು ಹಿಡಿದು, ಬಟ್ಟೆಗೆ ತಾಗದ ಹಾಗೆ ಒಂದೊಂದೇ ಹೊಲಿಗೆ ಕಿತ್ತರು. ಎಷ್ಟು ಹೊಲಿಗೆಯೆಂದರೆ, ಕಣ್ಣಿಗೆ ಕಾಣದ ಒಳಮೂಲೆಯಲ್ಲೂ ಎರಡೆರಡು ಸಾಲು. ಯಾರೂ ನೋಡದ ಕಡೆ ಇಷ್ಟು ನೇರವಾಗಿ ಯಾಕೆ ಹೊಲಿಯುತ್ತೀ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಒಂದು ಅಲ್ಪವಿರಾಮಕ್ಕೆ ಯಂತ್ರ ನಿಲ್ಲಿಸಿದವರಿಗೆ ಉತ್ತರ ಗೊತ್ತಿತ್ತು. ಒಂದೇ ಸೂರಿನಡಿ ಇಪ್ಪತ್ತು ವರ್ಷದಿಂದ ಇನ್ನೊಬ್ಬರೂ ಅದೇ ಕೆಲಸ ಮಾಡುತ್ತಿದ್ದಾರೆ, ತಮಗಿಂತ ಸದ್ದಿಲ್ಲದೆ ಮಾಡುತ್ತಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಕೊನೆಗೆ ಉಳಿದದ್ದು ವಾಚನಾಲಯದ ಆ ಇಪ್ಪತ್ತನೆಯ ಮೂಲೆ. ನಾಣ್ಯ ಅಂಗೈಗೆ ಬಿತ್ತು. ಮೂರು ಕಂಬ.

ನಲವತ್ತೆರಡನ್ನೂ ಸಾಲಾಗಿ ಜೋಡಿಸಿಕೊಂಡು ಅವರು ಎಣಿಸಿದರು, ಮತ್ತೆ ಎಣಿಸಿದರು. ಆಗ ನಲವತ್ಮೂರರ ಲೆಕ್ಕ ನೆನಪಾಯಿತು. ಇಲ್ಲದಿರುವ ಒಂದೇ ಒಂದು ಯಾವುದೆಂಬುದೂ ಗೊತ್ತಾಯಿತು. ಭೂತಗನ್ನಡಿ ಕೆಳಗಿಟ್ಟರು. ಕಣ್ಣಲ್ಲಿ ನೀರು ಬಂದದ್ದು ಅವರಿಗೇ ಆಶ್ಚರ್ಯ. ಯಾಕೆಂದರೆ ಆ ಹೊತ್ತಿಗೆ ನಾಲ್ಕು ತಿಂಗಳ ಪಿಂಚಣಿ ತಲೆಯಲ್ಲಿರಲೇ ಇಲ್ಲ. ತಲೆ ಸವರಿದ ಒಂದು ಕೈ ಇತ್ತು. ಸಾವಿರಾರು ಜನರ ಕಾಸು ದಾಟಿಹೋದರೂ ಅಪ್ಪ ಜೋಪಾನ ಮಾಡಿದ್ದ ಒಂದನ್ನು, ರೈಲಿನ ವೇಳಾಪಟ್ಟಿಯಿಂದ ತಲೆಯೆತ್ತದೆ ಕೊಟ್ಟುಬಿಟ್ಟಿದ್ದರು.

ಯಂತ್ರದ ಸದ್ದು ನಿಂತಿತು. ಏನಾಯಿತೆಂದು ಪರದೆಯಮ್ಮ ಕೇಳಿದರು. ವಿರಾಮಯ್ಯನವರು ದೋಣಿಕಟ್ಟೆ, ಡಬ್ಬಿ, ಎರಡು ಕಂಬದ ಹಡಗು, ಅಪ್ಪನ ಮಾತು, ಎಲ್ಲವನ್ನೂ ಹೇಳಿದರು. ಮದುವೆಯಾಗಿ ಮೂವತ್ತು ವರ್ಷವಾದರೂ ಈ ಕಥೆ ಅವರ ಬಾಯಿಂದ ಬಂದದ್ದು ಅದೇ ಮೊದಲು.

"ಇದನ್ನ ಮೊದಲೇ ಹೇಳಬಾರದಿತ್ತಾ? ನೀವು ಹೇಳಿದ್ದು ಬರೀ ಬೆಲೆ, ಎರಡು ಕಂಬದ ಮಾತೇ ಎತ್ತಲಿಲ್ಲ."

"ಹೇಳಿದ್ದರೆ ಏನಾಗ್ತಿತ್ತು? ಹೋಯ್ತಲ್ಲ."

"ಹೋಗಿಲ್ಲ" ಎಂದರು ಪರದೆಯಮ್ಮ. "ಪರದೆಗೆ ಜೋಡಿ ನಾಣ್ಯ ಬೇಕು, ಎರಡೂ ಮೂಲೆಗೆ ಒಂದೇ ತೂಕದ್ದು. ಒಂದೊಂದನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿ ಜೋಡಿ ಮಾಡಿದ್ದೆ. ಒಂದು ಮಾತ್ರ ಯಾವುದಕ್ಕೂ ಜೋಡಿಯಾಗಲಿಲ್ಲ. ಹಗುರ ಇತ್ತು. ತಿರುಗಿಸಿ ನೋಡಿದರೆ ಅದರ ಹಡಗಿಗೆ ನಡುವಿನ ಕಂಬ ಇರಲಿಲ್ಲ. ಪಾಪ ಅನ್ನಿಸ್ತು. ನನ್ನ ಹತ್ತಿರಾನೇ ಇಟ್ಕೊಂಡೆ."

ಹೀಗೆ ಹೇಳಿ, ಹೆಬ್ಬೆರಳಿನಡಿಯಿದ್ದ ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಅವರ ಕಡೆ ಜರುಗಿಸಿದರು.

ಪರದೆಯಿಲ್ಲದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ವಿರಾಮಯ್ಯನವರು ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು, ಪುಸ್ತಕದಲ್ಲಿ ಹೇಳಿದ ಹಾಗೆ, ಬೆಳಕಿಗೆ ಓರೆಯಾಗಿ ವಾಲಿಸಿದರು. ಒಂದು ಮುಖ ಒಂಬತ್ತು ವರ್ಷ ಹೆಬ್ಬೆರಳಿಗೆ ಸವೆದು ಕನ್ನಡಿಯಂತಾಗಿತ್ತು. ಇನ್ನೊಂದು ಮುಖ ಬಟ್ಟೆಗೆ ಸವೆದಿತ್ತು. ಆದರೂ ವಾಲಿಸುತ್ತ ವಾಲಿಸುತ್ತ ಒಂದು ಕೋನದಲ್ಲಿ ಎರಡು ಸಣ್ಣ ನೆರಳುಗೆರೆ ಎದ್ದವು. ಅವುಗಳ ನಡುವೆ ಖಾಲಿ. ಮತ್ತೆ ಸ್ವಲ್ಪ ವಾಲಿಸಿದರೆ ಮಾಯ.

ನಾಣ್ಯದಂಗಡಿಯಾತನಿಗೆ ತೋರಿಸುವ ಅಗತ್ಯವೇ ಇರಲಿಲ್ಲ. ಪುಸ್ತಕದ ಪ್ರಕಾರ ಮಾರುಕಟ್ಟೆಯಲ್ಲಿ ಇಷ್ಟು ಸವೆದದ್ದರ ಬೆಲೆ ಕರಗಿಸಿದ ಕಂಚಿನಷ್ಟು. ಅಪ್ಪನ ಕೈಯಲ್ಲಿ ಓಡಾಡಿದ್ದು, ತಮ್ಮ ಕಣ್ಣಿಗೆ ಬಿದ್ದಿದ್ದು, ತಮ್ಮ ಎದುರೇ ದಿನಕ್ಕೆ ಹತ್ತು ಗಂಟೆ ಹೆಂಡತಿಯ ಬೆರಳಡಿ ದುಡಿದದ್ದು ಅದೇ. ಅದನ್ನು ಅವರು ಪರೀಕ್ಷಿಸಿಯೂ ಆಗಿತ್ತು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದರಂತೆ" ಎಂದರು ಪರದೆಯಮ್ಮ. ಅವರ ದನಿಯಲ್ಲಿ ಐದು ದಿನದ ಮೇಲೆ ಮೊದಲ ಸಲ ನಗು ಇತ್ತು. "ಅಲ್ರೀ, ನಿಮ್ಮ ನೋಟ್‌ಬುಕ್ಕಲ್ಲಿ ಒಂದನೆಯ ನಂಬರಿಗೆ ಏನು ಬರೆದಿದ್ರಿ? ಓದಿ, ಕೇಳೋಣ."

ವಿರಾಮಯ್ಯನವರು ಮೊದಲ ಪುಟ ತೆಗೆದರು. ಅಂದು ಗಟ್ಟಿಯಾಗಿ ಓದಿದ್ದನ್ನು ಇಂದು ಮೆಲ್ಲಗೆ ಓದಿದರು. ಗುರುತು ಸಿಗುವುದಿಲ್ಲ. ಬರಿಬಿಲ್ಲೆ. ಬೆಲೆ, ಇಲ್ಲ. ಓದಿ ಮುಗಿಸಿ, ಮೂರನ್ನೂ ಹೊಡೆದುಹಾಕಿ ಸರಿಯಾದದ್ದನ್ನು ಬರೆಯಲೆಂದು ಕೆಂಪು ಪೆನ್ಸಿಲು ಕೈಗೆತ್ತಿಕೊಂಡರು.

ಪರದೆಯಮ್ಮ ಬಿಲ್ಲೆಯನ್ನು ವಾಪಸ್ ತೆಗೆದುಕೊಂಡು, ಹೊಸ ಅಸ್ತರಿನ ಅಂಚು ಮಡಿಚಿ, ಹೆಬ್ಬೆರಳಿನಡಿ ಇಟ್ಟು ಒತ್ತಿ ಎಳೆದರು. ಮಡಿಕೆ ಕಚ್ಚಿ ಕೂತಿತು.

"ತಿದ್ದಬೇಡಿ, ಇರಲಿ ಬಿಡಿ" ಎಂದರು. "ತಪ್ಪಿಗೇ ಬೆಲೆ ಜಾಸ್ತಿ ಅಂತ ನೀವೇ ತಾನೇ ಹೇಳಿದ್ದು?"